ಓ ಎನ್ನುವ ನೆಲ

ನಮ್ಮ ಊರಿನಲ್ಲಿ ಮಗುವಿಗೆ ಹೆಸರಿಡುವ ಮೊದಲು ನೆಲವನ್ನು ಕೇಳಬೇಕು. ತೊಟ್ಟಿಲು ಕಟ್ಟುವ ಹಿಂದಿನ ದಿನ ಸೋದರತ್ತೆ ಮನೆಯ ಮೂಲೆ ಮೂಲೆಯಲ್ಲೂ ಕುಕ್ಕರಗಾಲಿನಲ್ಲಿ ಕೂತು, ಮನಸ್ಸಿನಲ್ಲಿರುವ ಹೆಸರನ್ನು ಗಟ್ಟಿಯಾಗಿ ಕೂಗುತ್ತಾಳೆ. ನೆಲ ಸುಮ್ಮನಿದ್ದರೆ ಆ ಹೆಸರು ಮಗುವಿನದು. ಕೆಳಗಿನಿಂದ "ಓ" ಎಂದು ಬಂದರೆ ಬೇರೆ ಹೆಸರು ಹುಡುಕಬೇಕು. ಈ ಶಾಸ್ತ್ರವನ್ನು ತಾತ್ಸಾರ ಮಾಡಿದವರ ಗತಿಯನ್ನು ನಾನೇ ನೋಡಿದ್ದೇನೆ. ಹಿಂದಿನ ಓಣಿಯಲ್ಲಿ ಚಂಪಾ ಎಂಬ ಹುಡುಗಿಯಿದ್ದಳು. ಕಸ ಹೊಡಿ ಎಂದು ತಾಯಿ ಕರೆದರೆ ಅವಳ ಪರವಾಗಿ ನೆಲವೇ ಓ ಎನ್ನುತ್ತಿತ್ತು. ಮಗಳು ಒಳಗಿದ್ದಾಳೆಂದು ತಾಯಿ ನಂಬಿ ಕೂತಿರುತ್ತಿದ್ದಳು, ಮಗಳು ಅಷ್ಟು ಹೊತ್ತಿಗೆ ಕೆರೆಯ ಏರಿ ದಾಟಿರುತ್ತಿದ್ದಳು.

ಓ ಎನ್ನುವುದು ಹಗೇವು. ಊರಿನ ಹಳೆಯ ಮನೆಗಳ ಕೆಳಗೆಲ್ಲ ಜೋಳ ತುಂಬಿಡಲು ಅಗೆದ ಈ ನೆಲಗುಂಡಿಗಳಿವೆ. ಮಡಕೆಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬೆಳೆ ಹೆಚ್ಚಾಯಿತೆಂದು ಅಗೆದರು, ಅಣ್ಣತಮ್ಮಂದಿರು ಬೇರೆಯಾದರೆಂದು ಅಗೆದರು, ಪಕ್ಕದವನು ಅಗೆದನಲ್ಲ ಎಂಬ ಹೊಟ್ಟೆಕಿಚ್ಚಿಗೂ ಅಗೆದರು. ಕೊನೆಗೆ ಯಾರ ಹಗೇವು ಯಾರ ಅಡುಗೆಮನೆಯ ಕೆಳಗೆ ಹೋಗಿ ಮಲಗಿದೆ ಎಂಬುದು ಅಗೆದವರಿಗೂ ಗೊತ್ತಿರಲಿಲ್ಲ. ಅಗೆದು ಮುಗಿದ ದಿನ ಅದಕ್ಕೂ ತೊಟ್ಟಿಲ ಶಾಸ್ತ್ರ ಮಾಡಿ ಹೆಸರಿಡುತ್ತಿದ್ದರು. ಆ ಹೆಸರು ಹಿಡಿದು ಕರೆದರೆ ಹಗೇವು ಓ ಎನ್ನುತ್ತದೆ. ಬೇರೆ ಏನು ಅರಚಿಕೊಂಡರೂ ಅದರ ಕಿವಿಗೆ ಬೀಳುವುದಿಲ್ಲ.

ಹೆಸರನ್ನು ಮಾತ್ರ ಹೊರಗಿನವರ ಮುಂದೆ ಬಾಯಿ ಬಿಡುವಂತಿರಲಿಲ್ಲ. ತುಂಬಿದ ಹಗೇವು ಬಾಯಲ್ಲಿ ತುತ್ತಿಟ್ಟುಕೊಂಡವರಂತೆ ಮಂದವಾಗಿ ಓ ಎನ್ನುತ್ತದೆ, ಖಾಲಿಯಾದದ್ದು ಗಂಟಲು ಬಿಟ್ಟು ಓ ಎನ್ನುತ್ತದೆ. ಹೆಸರು ಗೊತ್ತಿದ್ದವರು ಒಂದು ಸಲ ಕರೆದರೆ ಸಾಕು, ನಿಮ್ಮ ಮನೆಯಲ್ಲಿ ಇನ್ನು ಎಷ್ಟು ಜೋಳ ಉಳಿದಿದೆ ಎಂದು ಹೇಳಿಬಿಡುತ್ತಿದ್ದರು. ಯಾವ ಮನೆತನ ತಾನೇ ಇದನ್ನು ಸಹಿಸುತ್ತದೆ? ಅದಕ್ಕೇ ಹೆಸರು ಅತ್ತೆಯ ಬಾಯಿಂದ ಹಿರಿಯ ಸೊಸೆಯ ಕಿವಿಗೆ, ಅಷ್ಟೇ. ಅಡುಗೆಮನೆಯ ಬೀಗದ ಕೈ ಕೊಡುವ ದಿನ ಅತ್ತೆ ಸೊಸೆಯನ್ನು ಒಳಗೆ ಕರೆದು, ತಲೆಯ ಮೇಲೆ ಸೆರಗು ಹೊದ್ದು, ಕಿವಿಯಲ್ಲಿ ಹೇಳುತ್ತಿದ್ದಳು. ಆಮೇಲೆ ಹಿಟ್ಟಿನ ಗಿರಣಿ ಬಂತು, ಚೀಲಗಳು ಬಂದವು, ರೇಷನ್ ಅಂಗಡಿ ಬಂತು. ಹಗೇವುಗಳೆಲ್ಲ ಖಾಲಿಯಾದವು, ಬಾಯಿಗಳಿಗೆ ಚಪ್ಪಡಿ ಹಾಸಿ ಮೇಲೆ ನೆಲ ಮಾಡಿದರು. ಮುಚ್ಚಿಡಲು ಒಂದು ಹಿಡಿ ಕಾಳೂ ಇಲ್ಲದಿದ್ದರೂ ಹೆಸರು ಮುಚ್ಚಿಡುವ ಚಟ ಮಾತ್ರ ಹೋಗಲಿಲ್ಲ.

ನನ್ನ ಹೆಸರು ಕಸ್ತೂರಿ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಖಾನಾವಳಿ. ನನ್ನ ರೊಟ್ಟಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ: ಸುತ್ತಮುತ್ತ ಇಷ್ಟು ತೆಳ್ಳಗೆ ಬಡಿಯುವವರಿಲ್ಲ. ಗಂಡ ಮಲ್ಲೇಶಿ ಬಾಗಿಲ ಬಳಿ ಕೂತು ಬಂದವರನ್ನು ನೋಡಿ ನಗುತ್ತಾನೆ, ಅವನ ಕೆಲಸ ಅಷ್ಟೇ ಮತ್ತು ಅದನ್ನು ಚೆನ್ನಾಗಿ ಮಾಡುತ್ತಾನೆ. ಮನೆಯ ಯಜಮಾನಿಕೆ ಅತ್ತೆ ಬಾಳವ್ವನವರದು. ನಾನು ಮದುವೆಯಾಗಿ ಬಂದು, ಮಗಳನ್ನು ಹೆತ್ತು, ಆ ಮಗಳು ಕಾಲೇಜಿಗೆ ಹೋಗುವಷ್ಟು ಕಾಲವಾದರೂ ಅತ್ತೆ ನನಗೆ ಬೀಗದ ಕೈ ಕೊಟ್ಟಿರಲಿಲ್ಲ, ಹಗೇವಿನ ಹೆಸರನ್ನೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ಹೇಳೋ ಹೊತ್ತಿಗೆ ಹೇಳ್ತೀನಿ."

ನನ್ನ ಓರಗೆಯ ಸೊಸೆಯಂದಿರಿಗೆಲ್ಲ ಎಂದೋ ಹೇಳಿಯಾಗಿತ್ತು. ನಲ್ಲಿಯ ಹತ್ತಿರ ನಿಂತಾಗ ಅವರು ಬೇಕೆಂದೇ ಕೇಳುತ್ತಿದ್ದರು, "ಕಸ್ತೂರಿ, ನಿಮ್ಮತ್ತಿ ಹೇಳಿದ್ರೇನ?" ಎಂದು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಈ ಮನೆಯ ಒಲೆಯ ಮುಂದೆ ನಾನು ಇಷ್ಟು ವರ್ಷ ಬೆವರು ಸುರಿಸಿದ್ದಕ್ಕೆ, ನಾನಿನ್ನೂ ಹೊರಗಿನವಳೆಂದು ಅತ್ತೆ ಸಾರಿದಂತಾಗುತ್ತಿತ್ತು. ಆ ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ರೊಟ್ಟಿ ತೆಳ್ಳಗಾಗಲು ಅದೂ ಒಂದು ಕಾರಣವಿರಬಹುದು.

ಹೋದ ಬೇಸಿಗೆಯಲ್ಲಿ ಸಂತೆಯ ಬಯಲಿನ ತೂಕದ ಶೆಡ್ಡು ಹಾಡಹಗಲೇ ನೆಲದೊಳಕ್ಕೆ ಇಳಿಯಿತು. ಕೆಳಗೆ ಹೆಸರು ಮರೆತುಹೋದ ಹಗೇವೊಂದಿತ್ತು. ಹೆಸರು ಗೊತ್ತಿದ್ದ ಮುದುಕಿ ಯಾರಿಗೂ ಹೇಳದೆ ಸತ್ತಿದ್ದಳು. ಸಂತೆಯ ದಿನವಲ್ಲವಾದ್ದರಿಂದ ಒಂದು ಎಮ್ಮೆ ಬಿಟ್ಟರೆ ಬೇರೆ ಯಾರೂ ಬೀಳಲಿಲ್ಲ, ಎಮ್ಮೆಯನ್ನೂ ಹಗ್ಗ ಕಟ್ಟಿ ಎಳೆದರು. ಅದು ಮೇಲೆ ಬಂದು ಏನೂ ಆಗದವರ ಹಾಗೆ ಮೆಲುಕು ಹಾಕಿತು. ಊರಿನವರಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಪುರಸಭೆಯವರು ಓಡಾಡಿ, ನೆಲದ ಕೆಳಗಿನ ಪೊಳ್ಳುಗಳ ನಕ್ಷೆ ತೆಗೆಯುವ ಒಬ್ಬ ಎಂಜಿನಿಯರನ್ನು ಕರೆಸಿದರು. ಹೆಸರು ರೇಷ್ಮಾ ನದಾಫ್. ನಲವತ್ತರ ಆಸುಪಾಸಿನ ಹೆಂಗಸು, ಬಿಸಿಲಿಗೆ ತಲೆಗೆ ಟವೆಲು ಸುತ್ತಿಕೊಂಡು ಬೀದಿಯಲ್ಲಿ ನಿಲ್ಲುತ್ತಿದ್ದರು. ಅವರ ಊಟ ನಮ್ಮಲ್ಲೇ.

ಮೇಡಂ ತಂದಿದ್ದ ಗಾಲಿ ಯಂತ್ರ ನಮ್ಮ ನೆಲದ ಮೇಲೆ ಉರುಳಿದ ಕೂಡಲೇ ಎಲ್ಲ ಕಡೆ ಪೊಳ್ಳು ಎಂದು ತೋರಿಸಿತು. ಬಂಡೆಯ ಮೇಲೆ ಇಟ್ಟರೂ ಪೊಳ್ಳು ಎಂದಿತು. ಅವರು ಎರಡು ದಿನ ಅದರ ಜೊತೆ ಗುದ್ದಾಡಿ, ಮೂರನೆಯ ದಿನ ಅದನ್ನು ಪುರಸಭೆಯ ಪಡಸಾಲೆಯಲ್ಲಿ ನಿಲ್ಲಿಸಿ ಬಂದರು. "ನಿಮ್ಮೂರಿಗೆ ಯಂತ್ರ ಒಗ್ಗೂದಿಲ್ರಿ. ಹೆಸರ ಬೇಕು," ಎಂದರು ನನ್ನ ಮುಂದೆ, ಮಜ್ಜಿಗೆ ಕುಡಿಯುತ್ತ. ನಾನು ನಕ್ಕೆ. "ಪ್ರಾಣ ಕೇಳ್ರಿ ಮೇಡಂ, ಕೊಟ್ಟಾರು. ಹೆಸರ ಕೊಡೂದಿಲ್ಲ."

ಆದರೆ ತೂಕದ ಶೆಡ್ಡಿನ ಹೆದರಿಕೆ ದೊಡ್ಡದಿತ್ತು. ಮೊದಲು ಬಳೆಗಾರರ ಮನೆಯ ಸೊಸೆ ಧೈರ್ಯ ಮಾಡಿದಳು. ಅವಳು ಅಂಗಳದಲ್ಲಿ ಕೂತು "ಹಾಲವ್ವಾ" ಎಂದು ಕರೆದಾಗ ಕೆಳಗಿನಿಂದ ಓ ಎಂದು ಬಂತು. ಮೇಡಂ ಚಪ್ಪಲಿ ಬಿಟ್ಟು, ಒಂದು ಸ್ಟೀಲಿನ ಲೋಟ ನೆಲಕ್ಕೆ ಬೋರಲು ಹಾಕಿ ಅದಕ್ಕೆ ಕಿವಿ ಹಚ್ಚುತ್ತ, ಆ ಓ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ಹೋದರು. ಕೇಳದಾದಲ್ಲಿ ಸುಣ್ಣದ ಗೆರೆ ಎಳೆದರು. ದನಿ ಗಟ್ಟಿಯಿದ್ದಲ್ಲಿ ಮೇಲಿನ ಮಣ್ಣೂ ಗಟ್ಟಿ, ದನಿ ನಡುಗಿದಲ್ಲಿ ಮಣ್ಣು ತೆಳುವಾಗಿದೆ ಎಂದು ಅವರಿಗೆ ಬೇಗ ತಿಳಿಯಿತು. ಗಟ್ಟಿ ಹಗೇವುಗಳನ್ನು ಹಾಗೇ ಉಳಿಸುವುದು, ನಡುಗುವವುಗಳಿಗೆ ಒಳಗಿನಿಂದ ಕಲ್ಲಿನ ಕಂಬ ಕೊಡುವುದು, ಒಂದನ್ನೂ ಹಾಳು ಮಾಡಬಾರದು ಎಂಬುದು ಅವರ ಹಟ. "ಇಂಥಾವು ಇನ್ನ ಯಾರ್ ಅಗೀತಾರ್ರಿ?" ಎನ್ನುತ್ತಿದ್ದರು. ಒಬ್ಬರು ಹೇಳಿದ್ದೇ ತಡ, ಉಳಿದವರು ನಾ ಮುಂದೆ ತಾ ಮುಂದೆ ಎಂದು ಬಂದರು. ತಮ್ಮ ಹಗೇವು ಪಕ್ಕದವರದಕ್ಕಿಂತ ದೊಡ್ಡದೆಂದು ತೋರಿಸಿಕೊಳ್ಳುವ ಆಸೆ ಗುಟ್ಟಿಗಿಂತ ಜೋರಾಗಿತ್ತು. ಬೀದಿಗಳ ಮೇಲೆಲ್ಲ ದುಂಡಗಿನ ಸುಣ್ಣದ ಗೆರೆಗಳು ಬಿದ್ದವು. ಹೆಂಗಸರು ಬೆಳಿಗ್ಗೆ ಕಸ ಗುಡಿಸುವಾಗ ಆ ಗೆರೆ ಅಳಿಸದ ಹಾಗೆ ಸುತ್ತು ಹಾಕಿ ಗುಡಿಸತೊಡಗಿದರು.

ನಮ್ಮ ಬೀದಿಯಲ್ಲಿ ಎಲ್ಲ ಹಗೇವುಗಳೂ ಓ ಎಂದವು, ನಮ್ಮದೊಂದು ಬಿಟ್ಟು. ಅತ್ತೆ ಬಾಯಿ ಬಿಡಲಿಲ್ಲ. ಅತ್ತ ನನ್ನ ಅಡುಗೆಮನೆಯಲ್ಲಿ ಲಕ್ಷಣ ಸರಿಯಿರಲಿಲ್ಲ. ನೀರಿನ ಹಂಡೆ ಒಂದು ಕಡೆಗೆ ವಾಲುತ್ತಿತ್ತು. ಹಿಟ್ಟಿನ ಉಂಡೆ ಕಟ್ಟಿಟ್ಟರೆ ತಾನಾಗಿಯೇ ಗೋಡೆಯ ಕಡೆಗೆ ಉರುಳುತ್ತಿತ್ತು. ಊಟದ ಹಾಲಿನ ಗೋಡೆಯಲ್ಲಿ ಕೂದಲೆಳೆಯಷ್ಟಿದ್ದ ಬಿರುಕಿಗೆ ಈಗ ನನ್ನ ಬೆರಳು ಹೋಗುತ್ತಿತ್ತು. ನಾನು ಗಿರಾಕಿಗಳ ಬೆಂಚುಗಳನ್ನು ತೆಗೆಸಿ ಹೊರಗೆ ಬೇವಿನ ಮರದ ಕೆಳಗೆ ಹಾಕಿಸಿದೆ. ಒಲೆಯನ್ನು ಮಾತ್ರ ಎತ್ತಿ ಇಡಲಾಗುವುದಿಲ್ಲ. ನಾನು ಒಳಗೇ ಕೂತು ರೊಟ್ಟಿ ಬಡಿಯುತ್ತಿದ್ದೆ, ಒಂದೊಂದು ಬಡಿತಕ್ಕೂ ನೆಲದ ಕಡೆ ಕಿವಿ ಕೊಡುತ್ತಿದ್ದೆ.

ಆಗ ಪುರಸಭೆಯ ನೋಟಿಸು ಬಂತು. ಹೆಸರು ಸಿಗದ ಕಡೆ ನೆಲ ಕೊರೆದು ಸಿಮೆಂಟಿನ ಗಂಜಿ ಸುರಿದು ತುಂಬುತ್ತಾರೆ, ಅದಕ್ಕಾಗಿ ಮೇಲಿನ ಮನೆಯನ್ನು ಕೆಡವುತ್ತಾರೆ. ನಮಗೆ ಸೋಮವಾರದವರೆಗೆ ಗಡುವು. ಮೇಡಂ ತಾವೇ ಬಂದು ಹೇಳಿದರು. ಅವರಿಗೂ ಸಂಕಟವಾಗಿತ್ತು. "ಎಲ್ಲೆಲ್ಲಿ ಹರಡೇತಿ ಅಂತ ಗೊತ್ತಾದ್ರ ಕಂಬ ಕೊಟ್ಟು ಮನಿ ಉಳಸ್ತೀನ್ರಿ, ಕಸ್ತೂರಕ್ಕ. ಗೊತ್ತಿಲ್ದ ನಾ ಹೆಂಗ ಕೈ ಹಾಕ್ಲಿ? ಕೆಳಗ ಇಳಿದವರ ಮ್ಯಾಲೆ ಕುಸದ್ರ?"

ಮೇಡಂ ಹೋದ ಮೇಲೆ ನಾನು ಹಿಟ್ಟಿನ ಕೈಯಲ್ಲೇ ಅತ್ತೆಯ ಮುಂದೆ ಹೋಗಿ ನಿಂತೆ. ಅವರು ಬೀಸುವ ಕಲ್ಲಿನ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅತ್ತಿ, ಹೇಳ್ತೀರೋ ಇಲ್ಲೋ?"

"ಹೇಳೋ ಹೊತ್ತಿಗೆ..."

"ಇದ ಹೊತ್ತು! ಸೋಮವಾರ ಮನಿ ಕೆಡವತಾರ. ಒಲಿ ಹೋಗತೈತಿ, ಅನ್ನ ಹೋಗತೈತಿ. ನನಗ ಹೇಳಬ್ಯಾಡ್ರಿ, ನಾ ಕಿವಿ ಮುಚ್ಚಿಕೊಂಡು ಹೊರಗ ಹೋಗ್ತೀನಿ. ಆ ಮೇಡಮ್ಮಗರ ಹೇಳ್ರಿ. ಸೊಸಿ ಮ್ಯಾಲಿನ ಸೇಡಿಗೆ ಮನೀನ ಮುಳುಗಿಸ್ತೀರೇನು?"

ಇನ್ನೂ ಏನೇನೋ ಅಂದೆ. ಅಷ್ಟು ವರ್ಷದ್ದೆಲ್ಲ ಒಟ್ಟಿಗೆ ಬಂತು. ನಲ್ಲಿಯ ಹತ್ತಿರದ ಅವಮಾನ, ಬೀಗದ ಕೈ, ನನ್ನ ತವರಿನವರ ಮುಂದೆ ಆಡಿದ ಕೊಂಕು. ಅತ್ತೆ ತಿರುಗಿ ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಹೆದರಿಸಿತು, ಏಕೆಂದರೆ ಅವರು ಮಾತಿನಲ್ಲಿ ಸೋತದ್ದನ್ನು ನಾನು ನೋಡಿಯೇ ಇರಲಿಲ್ಲ. ಅವರ ಕೈಯಲ್ಲಿದ್ದ ಬೆಳ್ಳುಳ್ಳಿಯ ಎಸಳು ಜಾರಿ ಕೆಳಗೆ ಬಿದ್ದು, ಗೋಡೆಯ ಕಡೆಗೆ ಉರುಳಿ ಹೋಯಿತು. ಅವರು ಅದನ್ನೇ ನೋಡುತ್ತ ಕೂತರು.

"ನನಗ ಗೊತ್ತಿಲ್ಲ," ಎಂದರು.

"ಏನು?"

"ಹೆಸರು. ನನಗ ಗೊತ್ತಿಲ್ಲ, ಕಸ್ತೂರಿ. ನಮ್ಮತ್ತಿ ನನಗ ಹೇಳಲೇ ಇಲ್ಲ."

ಅವರು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಅವರ ಅತ್ತೆ ಮೂರು ದಿನದ ಜ್ವರಕ್ಕೆ ತೀರಿಕೊಂಡಿದ್ದರಂತೆ. ಕೂಸನ್ನು ಎತ್ತಿಕೊಂಡು ವಾಪಸು ಬಂದ ದಿನ ಬೀದಿಯ ಹೆಂಗಸರೆಲ್ಲ ಸುತ್ತ ನಿಂತು, ಹೆಸರು ಹೇಳಿದ್ದರೇನವ್ವಾ, ಹೇಳಿಯೇ ಹೋದರೇನವ್ವಾ ಎಂದು ಕೇಳಿದರಂತೆ. ಇಪ್ಪತ್ತು ತುಂಬದ ಹುಡುಗಿ. ಹೆಸರು ಗೊತ್ತಿಲ್ಲದ ಸೊಸೆಯನ್ನು ಆಗಿನ ಕಾಲದಲ್ಲಿ ಯಾರೂ ಮನೆಯವಳೆಂದು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅವರು ಹೂಂ ಎಂದು ತಲೆಯಾಡಿಸಿದರು. ಹಗೇವಿನ ಬಾಯಿ ಆಗಲೇ ಮುಚ್ಚಿಹೋಗಿತ್ತು, ಹೆಸರಿನ ಕೆಲಸ ಯಾವತ್ತೂ ಬೀಳಲಿಲ್ಲ. ಆಡಿದ ಸುಳ್ಳು ಹಾಗೇ ಉಳಿದು ಗಟ್ಟಿಯಾಯಿತು. "ಬೀಗದ ಕೈ ಕೊಟ್ರ ಹೆಸರೂ ಹೇಳಬೇಕಲ್ಲ," ಎಂದರು ಅತ್ತೆ. "ಅದಕ ಕೀಲಿನೂ ಕೊಡಲಿಲ್ಲ. ನಿನ್ನ ಮ್ಯಾಲೆ ಸಿಟ್ಟಿಗಲ್ಲ."

ನನಗೆ ಏನಾಯಿತೋ ತಿಳಿಯದು. ಅಳಬೇಕಿತ್ತು, ಇನ್ನಷ್ಟು ಕೂಗಾಡಬೇಕಿತ್ತು. ನಗು ಬಂತು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಇಷ್ಟು ವರ್ಷ ನಾನು ಹೊರಗಿನವಳೆಂದು ಕುದ್ದು ಕುದ್ದು ಸತ್ತಿದ್ದೆ, ಒಳಗೆ ಯಾರೂ ಇರಲೇ ಇಲ್ಲವಲ್ಲ! ಅತ್ತೆ ಮೊದಲು ಕಣ್ಣು ಕೆಂಪಗೆ ಮಾಡಿದರು, ಆಮೇಲೆ ಅವರ ತುಟಿಯೂ ಅದುರಿತು, ಆಮೇಲೆ ಇಬ್ಬರೂ ನಕ್ಕೆವು. ಮಲ್ಲೇಶಿ ಹೆದರಿ ಓಡಿ ಬಂದ. ಅತ್ತೆ ಸೊಸೆ ಒಟ್ಟಿಗೆ ನಗುವುದನ್ನು ಅವನು ಆ ಮನೆಯಲ್ಲಿ ಕೇಳಿರಲಿಲ್ಲ.

ಆದರೆ ನಕ್ಕರೆ ಸೋಮವಾರ ದೂರ ಹೋಗುವುದಿಲ್ಲ. ಮಾರನೆಯ ದಿನ ಮಧ್ಯಾಹ್ನದಿಂದ ನಾವು ಕೂಗಲು ಶುರು ಮಾಡಿದೆವು. ಅತ್ತೆ ನೆಲದ ಮೇಲೆ ಕೂತು ಮನೆದೇವರಿಂದ ಹಿಡಿದು ಸುತ್ತಲಿನ ಊರಿನ ದೇವರ ಹೆಸರನ್ನೆಲ್ಲ ಕರೆದರು. ನಾನು ನದಿಗಳನ್ನು ಕರೆದೆ, ಒಡವೆಗಳನ್ನು ಕರೆದೆ, ನಮ್ಮ ಮನೆತನದ ಸತ್ತ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆದೆ. ಬಾಳವ್ವನವರ ಮನೆಯ ಹಗೇವೆಂದರೆ ಸಾಮಾನ್ಯದ್ದಿರಲಾರದು, ಹೆಸರೂ ಅಷ್ಟೇ ಘನವಾಗಿರಬೇಕು ಎಂದೇ ನಮ್ಮ ಲೆಕ್ಕ. ಅನ್ನಪೂರ್ಣಾ ಎಂದೆವು. ಮಹಾಲಕ್ಷ್ಮೀ ಎಂದೆವು. ಬಂಗಾರೆವ್ವಾ, ಐರಾವತೀ, ಭೂಮವ್ವಾ. ನೆಲ ಮಿಸುಕಲಿಲ್ಲ. ಬೇವಿನ ಮರದ ಕೆಳಗೆ ಉಣ್ಣುತ್ತಿದ್ದ ಗಿರಾಕಿಗಳೂ ಎದ್ದು ಬಂದು ಕಿಟಕಿಯಲ್ಲಿ ತಲೆ ಹಾಕಿ ತಮಗೆ ತೋಚಿದ್ದನ್ನು ಕೂಗಿದರು. ಬಸ್ ಕಂಡಕ್ಟರ್ ಒಬ್ಬ ಬಾಯಲ್ಲಿ ಬದನೆಕಾಯಿ ಪಲ್ಯ ಇಟ್ಟುಕೊಂಡೇ ತನ್ನ ದಾರಿಯ ಸ್ಟಾಪುಗಳನ್ನೆಲ್ಲ ಒಂದು ಕಡೆಯಿಂದ ಕೂಗಿದ. ಅಕ್ಕಪಕ್ಕದ ಹಗೇವುಗಳು ತಮ್ಮ ತಮ್ಮ ಹೆಸರು ಬಂದಾಗ ಓ ಎಂದವು. ನಮ್ಮದು ತುಟಿ ಬಿಚ್ಚಲಿಲ್ಲ. ಅತ್ತೆಯ ಗಂಟಲು ಬಿದ್ದುಹೋಯಿತು. ಶನಿವಾರ ಹೊತ್ತು ಇಳಿಯುವಾಗ ನಾನೂ ಕೂಗುವುದನ್ನು ಬಿಟ್ಟಿದ್ದೆ. ಯಾವ ಪಾತ್ರೆಯನ್ನು ಮೊದಲು ಕಟ್ಟುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ್ದೆ.

ಆಗ ಪಕ್ಕದ ಮನೆಯ ಸುಂದ್ರವ್ವ ನಮ್ಮ ಹೊಸ್ತಿಲ ಮೇಲೆ ಬಂದು ನಿಂತರು. ಅತ್ತೆಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಮನೆಗೂ ನಮ್ಮ ಮನೆಗೂ ಮಾತಿರಲಿಲ್ಲ. ಕಾರಣ ನಾನು ಹುಟ್ಟುವುದಕ್ಕೂ ಮುಂಚಿನದು. ಸುಂದ್ರವ್ವನವರ ಅತ್ತೆ ಒಮ್ಮೆ ನಮ್ಮಲ್ಲಿ ಜೋಳ ಕೈಗಡ ಕೇಳಿದಾಗ ನಮ್ಮವರು ಖಾಲಿಯಾಗಿದೆ ಎಂದರಂತೆ. ಆಕೆ ಬೀದಿಯಲ್ಲಿ ನಿಂತು, ನಿಮ್ಮ ಹಗೇವು ಗಂಟಲಮಟ ತುಂಬೇತಿ, ಸುಳ್ಳು ಯಾಕ ಹೇಳ್ತೀರಿ ಎಂದು ಜಾಡಿಸಿದಳಂತೆ. ತುಂಬಿದ್ದು ನಿಜವೇ ಆಗಿತ್ತು, ಅದಕ್ಕೇ ಜಗಳ ಇಷ್ಟು ಕಾಲ ಬಾಳಿತು. ಅವತ್ತಿನಿಂದ ಆ ಮನೆಯವರಿಗೆ ಗೋಡೆಗೆ ಕಿವಿ ಹಚ್ಚುವವರೆಂದು ಹೆಸರು.

"ನಮ್ಮ ಕೆಂಪಿನ್ನ ಎಷ್ಟ ಸಲ ಎಬ್ಬಸ್ತೀರಿ?" ಎಂದರು ಸುಂದ್ರವ್ವ. ಕೆಂಪಿ ಅವರ ಹಗೇವಿನ ಹೆಸರು, ಹದಿನೈದು ದಿನದ ಹಿಂದೆಯೇ ಮೇಡಂ ಗೆರೆ ಎಳೆದಿದ್ದರು. "ಮಂಚದ ಕೆಳಗ ಓ ಅಂದ್ರ ಮುದುಕಿಗೆ ನಿದ್ದಿ ಹತ್ತತೈತೇನು? ಹೋಗ್ಲಿ, ಆ ಬಾಳವ್ವಗ ಹೆಸರ ಹೇಳಾಕ ಏನ ಧಾಡಿ ಆಗೇತಿ?"

ನಾನು ಏನಾದರೂ ಹೇಳಿ ಸಾಗಹಾಕಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನನ್ನು ತಡೆದರು. ಕೂತಲ್ಲಿಂದಲೇ ತಲೆ ಎತ್ತಿ, ಒಡೆದ ಗಂಟಲಿನಲ್ಲಿ, ತಮ್ಮ ಜನ್ಮದ ವೈರಿಯ ಮುಖ ನೋಡಿಕೊಂಡು, "ಸುಂದ್ರಕ್ಕಾ, ನನಗ ಗೊತ್ತಿಲ್ಲ," ಎಂದರು. ಕಿಟಕಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಎಲ್ಲರಿಗೂ ಕೇಳಿತು.

"ಗೊತ್ತಿಲ್ಲಂದ್ರ?"

"ಯಾವತ್ತೂ ಗೊತ್ತಿರಲಿಲ್ಲ."

"ಇಷ್ಟ ವರ್ಷ ತಲಿ ಎತ್ತಿ ತಿರಗಿದೆಲ್ಲ!"

"ತಿರಗಿದೆ."

ಸುಂದ್ರವ್ವ ಹೊಸ್ತಿಲ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಮುಖದಲ್ಲಿ ಗೆದ್ದ ಕಳೆ ಬರುತ್ತದೆಂದು ನಾನು ಕಾಯುತ್ತಿದ್ದೆ. ಬದಲಿಗೆ ಅವರು ಪಾಠ ಒಪ್ಪಿಸಲು ಎಬ್ಬಿಸಿ ನಿಲ್ಲಿಸಿದ ಹುಡುಗಿಯ ಹಾಗೆ ನೆಲ ನೋಡತೊಡಗಿದರು. "ನನಗ ಗೊತ್ತೈತಿ," ಎಂದರು ಮೆಲ್ಲಗೆ.

ಕಿಟಕಿಯಲ್ಲಿದ್ದವರು ಇನ್ನಷ್ಟು ಒಳಕ್ಕೆ ತಲೆ ತೂರಿಸಿದರು.

"ನಮ್ಮತ್ತಿ ಕದ್ದ ಕೇಳಿದ್ಲು. ನಿಮ್ಮಾಕಿ ಸುಗ್ಗಿಯಾಗ ಹಗೇವು ತುಂಬೂ ಮುಂದ ಕರದದ್ದನ್ನ ಗ್ವಾಡಿಗೆ ಕಿವಿ ಹಚ್ಚಿ ಕೇಳಿದ್ಲು. ಆಮ್ಯಾಲೆ ವರ್ಷಾ ವರ್ಷಾ ನಮ್ಮ ಬಚ್ಚಲದಾಗ ನಿಂತು ಕರದು ನೋಡ್ತಿದ್ಲು. ಸಾಯೂ ಮುಂದ ನಮ್ಮ ಕೆಂಪಿ ಹೆಸರ ಜೋಡಿ ನಿಮ್ಮದನ್ನೂ ನನ್ನ ಕಿವ್ಯಾಗ ಹೇಳಿದ್ಲು. ಅರ್ಧಾ ಊರಿಂದು ಹೇಳಿದ್ಲು, ಸುಳ್ಳ ಯಾಕ." ಅತ್ತೆಯ ಕಡೆಗೆ ತಿರುಗಿ, "ಮಂದಿ ಅಂದದ್ದು ಖರೇನ ಐತಿ. ನಾವು ಕಿವಿ ಹಚ್ಚಾವರ," ಎಂದರು.

ನನಗೆ ಒಂದು ಕಡೆ ಸಿಟ್ಟು, ಒಂದು ಕಡೆ ಆಕೆಯ ಕಾಲು ಹಿಡಿಯುವಷ್ಟು ಆಸೆ. ಅತ್ತೆ ಮಾತ್ರ ಯಾವ ವಿಚಾರಣೆಗೂ ಹೋಗಲಿಲ್ಲ. "ಕರಿ, ಸುಂದ್ರಕ್ಕ," ಎಂದರು. "ನೀನ ಕರಿ. ನನಗ ದನಿ ಇಲ್ಲ."

ಸುಂದ್ರವ್ವ ಒಳಗೆ ಬಂದರು. ನಮ್ಮ ಅಡುಗೆಮನೆಯನ್ನು ಅವರು ಮೊದಲ ಸಲ ನೋಡುತ್ತಿದ್ದರು, ಅಂಥ ಹೊತ್ತಿನಲ್ಲೂ ಡಬ್ಬಗಳ ಸಾಲನ್ನು ಒಂದು ಸುತ್ತು ಕಣ್ಣು ಹಾಯಿಸಿಯೇ ಕೂತರು. ಆಮೇಲೆ ನೆಲಕ್ಕೆ ಬಾಗಿ, ಪಕ್ಕದ ಮನೆಯ ಕೂಸನ್ನು ಕರೆಯುವಂತೆ ಕರೆದರು.

"ಗುಬ್ಬೀ."

ಮೊದಲು ಏನೂ ಇಲ್ಲ. ನಾನು ಇನ್ನೇನು ನಗಬೇಕೆಂದಿದ್ದೆ. ಈ ಮನೆತನದ ಹಗೇವಿಗೆ ಗುಬ್ಬಿಯೇ ಎನಿಸಿತ್ತು. ಆಗ ಕೆಳಗಿನಿಂದ ಬಂತು. ಬಹಳ ದಿನ ಮಲಗಿದವರು ಎದ್ದು ಓಗೊಟ್ಟ ಹಾಗೆ, ನಿಧಾನವಾಗಿ, ಒಲೆಯ ಕೆಳಗಿನಿಂದ ಶುರುವಾಗಿ, ಊಟದ ಹಾಲಿನ ಕೆಳಗೆ ಹಾದು, ಹೊರಗಿನ ಕಟ್ಟೆಯವರೆಗೆ ಹೋಗಿ, ತಿರುಗಿ ಸುಂದ್ರವ್ವನವರ ಬಚ್ಚಲಿನ ಗೋಡೆಯ ಆಚೆಗೂ ಹರಿಯಿತು. ಪಾತ್ರೆಗಳ ಮುಚ್ಚಳಗಳು ಗಿಲಗಿಲ ಎಂದವು. ಅದು ಅಷ್ಟು ದೊಡ್ಡದೆಂದು ನಮ್ಮಲ್ಲಿ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಅತ್ತೆ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಕೂತಿದ್ದರು. ಓ ನಿಂತ ಮೇಲೂ ಅವರು ಕೈ ತೆಗೆಯಲಿಲ್ಲ. "ಇದ್ದೀಯವ್ವಾ," ಎಂದರು. ಅವರ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೇ ಹೋಗಲಿಲ್ಲ.

ಮಲ್ಲೇಶಿ ಚಪ್ಪಲಿ ಮೆಟ್ಟದೆ ಮೇಡಮ್ಮನ್ನು ಕರೆಯಲು ಓಡಿದ. ಹೊತ್ತು ಮುಳುಗುವ ಮುಂಚೆ ಮೇಡಂ ಲೋಟ ಹಿಡಿದು ಬಂದರು. ಸುಂದ್ರವ್ವ ಕರೆಯುತ್ತ ಹೋದರು, ಮೇಡಂ ಕಿವಿ ಹಚ್ಚುತ್ತ ಹೋದರು. ಕಟ್ಟೆಯ ಕೆಳಗೆ ದನಿ ಗಟ್ಟಿ. ಊಟದ ಹಾಲಿನ ಕೆಳಗೆ ಗಟ್ಟಿ, ಬಿರುಕಿನ ಗೋಡೆಯ ಬಳಿ ಮಾತ್ರ ತುಸು ಸಡಿಲ. ಒಲೆಯ ಮುಂದೆ, ನಾನು ದಿನಾ ಕೂತು ಬಡಿಯುವ ಜಾಗದಲ್ಲಿ, ಓ ಎನ್ನುವುದು ಚಳಿ ಹತ್ತಿದವರ ಹಾಗೆ ನಡುಗಿತು. ಮೇಡಂ ಮೂರು ಸಲ ಕೇಳಿದರು. ಆಮೇಲೆ ಒಲೆಯನ್ನು ಒಳಗೆ ಹಾಕಿ ಸುತ್ತ ದಪ್ಪ ಗೆರೆ ಎಳೆದು, "ಇನ್ನ ಈ ಗೆರಿ ಒಳಗ ಒಬ್ಬರೂ ಕಾಲಿಡಬ್ಯಾಡ್ರಿ. ಕಸ್ತೂರಕ್ಕ, ನೀವಂತೂ ಇಡಬ್ಯಾಡ್ರಿ," ಎಂದರು.

ಮಾರನೆಯ ದಿನ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆ. ಹೊಸ ಒಲೆ ಹೊಗೆ ಕಾರುತ್ತಿತ್ತು, ರೊಟ್ಟಿ ಸೀದು ಹೋಗುತ್ತಿತ್ತು, ನಾನು ಮರಕ್ಕೂ ಗಾಳಿಗೂ ಬೈಯುತ್ತಿದ್ದೆ. ನಡುಮಧ್ಯಾಹ್ನ, ಗಿರಾಕಿಗಳು ಎಲೆಯ ಮುಂದೆ ಕೂತ ಹೊತ್ತಿಗೆ, ಮನೆಯ ಒಳಗೆ ಏನೋ ಧೊಪ್ಪೆಂದಿತು. ಹೋಗಿ ಬಾಗಿಲಲ್ಲಿ ನಿಂತು ನೋಡಿದೆವು. ದಪ್ಪ ಗೆರೆಯ ಒಳಗಿದ್ದದ್ದೆಲ್ಲ ಇರಲಿಲ್ಲ. ಒಲೆ, ಹಂಚು, ನಾನು ಕೂರುವ ಮಣೆ, ನನ್ನ ಹಿಟ್ಟಿನ ಪರಾತ. ಗೆರೆಯ ಆಚೆಯ ನೆಲ ಅಲುಗಿರಲಿಲ್ಲ, ಸುಣ್ಣ ಕೂಡ ಉದುರಿರಲಿಲ್ಲ. ನಾನು ಬಾಗಿಲಲ್ಲೇ ಕೂತೆ. ಬದುಕಿದೆ ಎಂದು ಅನ್ನಿಸಿದ್ದು ಆ ಹೊತ್ತಿನಲ್ಲಲ್ಲ, ಅತ್ತೆ ಬಂದು ನನ್ನ ತಲೆ, ಭುಜ, ಕೈ ಎಲ್ಲವನ್ನೂ ಸಂತೆಯಲ್ಲಿ ಕಾಯಿಪಲ್ಯೆ ಮುಟ್ಟಿ ನೋಡುವ ಹಾಗೆ ಮುಟ್ಟಿ ಮುಟ್ಟಿ ನೋಡಿದಾಗ. "ಐತಿ, ಎಲ್ಲಾ ಐತಿ," ಎನ್ನುತ್ತಿದ್ದರು ತಮ್ಮಷ್ಟಕ್ಕೆ.

ಸೋಮವಾರ ಮನೆ ಕೆಡವುವವರ ಬದಲು ಕಲ್ಲುಕುಟಿಗರು ಬಂದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮೂರು ದಿನ ತೆರೆದಿಟ್ಟು, ಏಣಿ ಹಾಕಿ ಇಳಿದು, ಕಂಬ ನಿಲ್ಲಿಸಿ ಕಮಾನು ಕಟ್ಟಿದರು. ಕೆಲಸ ಮುಗಿದ ಮೇಲೆ ನಮ್ಮನ್ನೂ ಇಳಿಸಿದರು. ಅತ್ತೆ ಮತ್ತು ಸುಂದ್ರವ್ವ ಯಾರು ಮೊದಲು ಇಳಿಯಬೇಕೆಂದು ಸ್ವಲ್ಪ ಹೊತ್ತು ವಾದ ಮಾಡಿದರು. ಒಳಗೆ ತಂಪಿತ್ತು. ಗೋಡೆಗೆ ಮೆತ್ತಿದ ಮಣ್ಣಿನ ಮೇಲೆ ಬೆರಳಿನ ಗುರುತುಗಳು ಹಾಗೇ ಇದ್ದವು, ದೀಪದ ಗೂಡಿನಲ್ಲಿ ಮಸಿ ಇತ್ತು, ಒಂದು ಕಡೆ ಹಸಿರು ಬಳೆಯ ಚೂರು ಮಣ್ಣಿನಲ್ಲಿ ಸಿಕ್ಕಿಕೊಂಡಿತ್ತು. ಮೆತ್ತಿದವಳು ಯಾರೋ ಬಳೆ ಒಡೆದುಕೊಂಡಿದ್ದಳು. ಇಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಹೆಸರು ಯಾಕಿಟ್ಟರೋ ಅಲ್ಲಿ ಎಲ್ಲೂ ಬರೆದಿರಲಿಲ್ಲ. ಮನೆಯ ಕಿರಿಯ ಮಗುವಿನ ಮುದ್ದಿನ ಹೆಸರಿರಬೇಕು ಎಂದು ಅತ್ತೆಯ ಅಂದಾಜು. ಸುಂದ್ರವ್ವನವರಿಗೆ ಅದು ಒಪ್ಪಿಗೆಯಿಲ್ಲ, ಆದರೆ ಅವರ ಬಳಿ ಬೇರೆ ಅಂದಾಜೂ ಇಲ್ಲ.

ಈಗ ಪುರಸಭೆಯ ಗೋಡೆಯ ಮೇಲೆ ದೊಡ್ಡ ನಕ್ಷೆ ತೂಗುಹಾಕಿದ್ದಾರೆ. ಊರಿನ ಕೆಳಗಿನ ಊರು ಪೂರ್ತಿ ಅದರಲ್ಲಿದೆ, ಪ್ರತಿ ದುಂಡಿನ ಒಳಗೂ ಹೆಸರಿದೆ. ಉಳಿದ ಓಣಿಗಳಲ್ಲಿ ಹೆಸರು ಮರೆತುಹೋಗಿದ್ದ ಎಷ್ಟೋ ಹಗೇವುಗಳನ್ನು ಓಗೊಡಿಸಿದವರು ಸುಂದ್ರವ್ವನವರೇ. ಮೇಡಂ ಈ ಮುದುಕಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಓಡಾಡಿದರು. ಒಂದೊಂದು ಮನೆಯ ಮುಂದೆಯೂ ಸುಂದ್ರವ್ವ ಇಳಿದು ಕರೆಯುವುದು, ಕೆಳಗಿನಿಂದ ಓ ಎನ್ನುವುದು, ಮನೆಯವರು ನಿಮಗೆ ಹೇಗೆ ಗೊತ್ತಾಯಿತು ಎಂದು ಕಣ್ಣು ಕೆಕ್ಕರಿಸುವುದು, ಮತ್ತೆ ಮರುಕ್ಷಣವೇ ಕೂರಿಸಿ ಚಹಾ ಕೊಡುವುದು. ಬೈಗುಳ ಮತ್ತು ಚಹಾ ಎರಡನ್ನೂ ಅವರು ಖುಷಿಯಾಗಿ ತೆಗೆದುಕೊಂಡರು. ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಹಗೇವಿನ ಹೆಸರು ಬರೆಸಿದ್ದಾರೆ. ನಮ್ಮ ಬಾಗಿಲಲ್ಲಿ ನೀಲಿ ಬಣ್ಣದಲ್ಲಿ, ದೂರದಿಂದಲೇ ಕಾಣುವಷ್ಟು ದೊಡ್ಡದಾಗಿ, ಗುಬ್ಬಿ ಎಂದಿದೆ. ಗಿರಾಕಿಗಳು ಗುಬ್ಬಿ ಖಾನಾವಳಿ ಎನ್ನತೊಡಗಿದ್ದಾರೆ. ಶಾಲೆಗೆ ಹೋಗುವ ಮಕ್ಕಳು ಕಟ್ಟೆಯ ಬಳಿ ನಿಂತು ಕರೆದು, ಅದು ಓ ಎಂದ ಮೇಲೆಯೇ ಮುಂದೆ ಹೋಗುತ್ತಾರೆ.

ಹೊಸ ಒಲೆ ಹಾಕಿದ ಮೇಲೆ ಒಂದು ಮಧ್ಯಾಹ್ನ ಕೆಲಸವೆಲ್ಲ ಮುಗಿದಿತ್ತು. ನಾನು ಕೈ ತೊಳೆಯುತ್ತಿದ್ದೆ. "ಕಸ್ತೂರಿ, ಒಳಗ ಬಾ," ಎಂದು ಅತ್ತೆ ಕರೆದರು. ಹೋದೆ. ಅವರು ಬಾಗಿಲು ಮುಂದೆ ಮಾಡಿದರು. ತಲೆಯ ಮೇಲೆ ಸೆರಗು ಹೊದ್ದುಕೊಂಡರು, ನನಗೂ ಹೊದೆಸಿದರು. ಸೊಂಟದಿಂದ ಬೀಗದ ಕೈಯ ಗೊಂಚಲು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾವೇ ಮಡಿಸಿದರು. 'ಇದೆಲ್ಲ ಈಗ ಯಾಕ ಅತ್ತಿ' ಎಂದು ಕೇಳಬೇಕೆಂದಿದ್ದೆ. ಅವರ ಮುಖ ನೋಡಿ ಕೇಳಲಿಲ್ಲ. ನನ್ನ ಕಿವಿಯ ಹತ್ತಿರ ಬಾಯಿ ತಂದು, ನೆಲಕ್ಕೆ ಕೂಡ ಕೇಳಿಸದಷ್ಟು ಮೆಲ್ಲಗೆ ಆ ಹೆಸರನ್ನು ಹೇಳಿದರು.

"ಯಾರ ಮುಂದೂ ಹೇಳಬ್ಯಾಡ ಮತ್ತ," ಎಂದರು.

"ಇಲ್ಲ, ಅತ್ತಿ," ಎಂದೆ.